ಮಾಳಿಗೆಗೆ ಹಾಕಿದ ಮಣ್ಣು

ಸಾಯುವ ಹಿಂದಿನ ದಿನ ಓಂಕಾರಪ್ಪ ಚೆನ್ನಾಗಿಯೇ ಇದ್ದರು. ಬೆಳಗ್ಗೆ ಲಿಂಗಪೂಜೆ ಮುಗಿಸಿದರು. ಉಪ್ಪಿಟ್ಟಿಗೆ ಖಾರ ಸಾಲದೆಂದು ಗೊಣಗಿದರು. ಲುಂಗಿ ಎತ್ತಿ ಕಟ್ಟಿ ಮಾಳಿಗೆ ಹತ್ತಿದರು. ಟ್ರಾಲಿ ಆಟೋದ ಬಾಬ್ಜಿ ತಂದು ಹಾಕಿದ್ದ ಮಣ್ಣಿನ ಚೀಲಗಳು ಮೆಟ್ಟಿಲ ಬುಡದಲ್ಲಿದ್ದವು. ಒಂದೊಂದೇ ಹೊತ್ತೊಯ್ದು ಮೇಲೆ ಸುರಿದು, ಬರಿಗಾಲಲ್ಲಿ ತುಳಿದರು.

ಹೆಂಡತಿ ಚೆನ್ನಮ್ಮ ಅಂಗಳದಿಂದ ಕೂಗಿದಳು. "ಸಾಕು ಇಳೀರಿ. ಇದು ವಿಶಾಖಪಟ್ಟಣ, ಹಿರಿಯೂರಲ್ಲ."

"ಸೋರೋ ಮಾಳಿಗೆಗೆ ಯಾವೂರಾದ್ರೇನೇ? ಕರಲು ಹಾಕಿದ್ರೆ ಒಂದು ಹನಿ ಇಳಿಯಲ್ಲ."

"ಬ್ಯಾಂಕಿನಾಗೆ ನೋಟು ಎಣಿಸಿದೋರು ಮಣ್ಣು ತುಳೀತಾ ನಿಂತೀರಲ್ಲ. ಎದುರಿನ ಅಪಾರ್ಟ್‌ಮೆಂಟಿನೋರು ನಗ್ತಾರೆ."

"ನಗ್ಲಿ ಬಿಡು. ಮನೆ ಸೋರಿದ್ರೆ ಅವರೇನು ಬಂದು ಕೊಡೆ ಹಿಡೀತಾರಾ?"

ಹಿರಿಯೂರು ಸೀಮೆಯ ಹಳೇ ಮನೆಗಳದ್ದು ಮಣ್ಣಿನ ಮಾಳಿಗೆ. ಮಳೆಗೆ ಮುಂಚೆ ಅದರ ಮೇಲೆ ಕರಲು ಹರಡುತ್ತಾರೆ. ಕರಲೆಂದರೆ ಬಿಳಿ ಉಪ್ಪು ಉಕ್ಕಿದ ಮಣ್ಣು. ತುಳಿದು ಕೂರಿಸಿದರೆ ನೀರು ಇಳಿಯಗೊಡುವುದಿಲ್ಲ. ಓಂಕಾರಪ್ಪ ಹುಡುಗರಾಗಿದ್ದಾಗಲೇ ಅದನ್ನು ತುಳಿದವರು. ಊರಾಚೆಯ ಪರವಾಡದ ಕಡೆ ಹೋದಾಗ ಬಯಲಿನಲ್ಲಿ ಬೆಳ್ಳಗಿದ್ದ ಮಣ್ಣು ಕಂಡು ನಮ್ಮೂರ ಕರಲೇ ಸಿಕ್ಕಿತೆಂದು ಕುಣಿದಾಡಿದ್ದರು. ಆಗಿನಿಂದ ಮಳೆಗಾಲ ಬಂತೆಂದರೆ ಮಣ್ಣು ಬರುತ್ತಿತ್ತು. ಮೊದಲ ವರ್ಷ ಸೋರುವುದು ನಿಂತೇಬಿಟ್ಟಿತು. ಅದೇ ಕೆಟ್ಟದ್ದಾಯಿತು.

ಮನೆ ಅವರದ್ದಲ್ಲ. ವಿಜಯವಾಡದ ಅನಸೂಯಮ್ಮನವರದ್ದು. ಅವರ ತಾತ ಹಡಗಿನ ಸರಕಿನ ಗುತ್ತಿಗೆದಾರ. ನೂರು ವರ್ಷಕ್ಕೂ ಹಿಂದೆ, ವಿಶಾಖಪಟ್ಟಣದ ಪೇಟೆಯಲ್ಲಿ ಪ್ಲೇಗು ಬಂತೆಂದು ಹೆದರಿ, ಊರಾಚೆ ಈ ದಿಬ್ಬದ ಮೇಲೆ ಕಟ್ಟಿಸಿದ್ದು. ಆಗ ಸುತ್ತ ತಾಳೆಮರ, ಮರಳು, ಅಷ್ಟೇ. ಮುಂದೆ ದುಂಡು ಕಂಬಗಳ ಜಗುಲಿ. ಬಾಗಿಲುಗಳ ಮೇಲೆ ಅರ್ಧಚಂದ್ರದ ಬಣ್ಣದ ಗಾಜು. ಗೋಡೆ ಎಷ್ಟು ದಪ್ಪವೆಂದರೆ ಕಿಟಕಿಯೊಳಗೆ ಕಾಲು ಮಡಚಿ ಕೂರಬಹುದು. ಒಲೆಯ ಹೊಗೆ, ಬೆಂಕಿ ಮನೆಗೆ ತಾಗಬಾರದೆಂದು ಅಡುಗೆಮನೆಯನ್ನು ಹಿಂದೆ ಬೇರೆಯೇ ಕಟ್ಟಿ, ನಡುವೆ ಹೆಂಚಿನ ಓಣಿ ಬಿಟ್ಟಿದ್ದರು. ಮಾಳಿಗೆಗೆ ಕಬ್ಬಿಣದ ತೊಲೆ, ಅದರ ಮೇಲೆ ತೇಗದ ಜಂತೆ, ಮೇಲೆ ಇಟ್ಟಿಗೆ, ಸುಣ್ಣದ ಗಾರೆ.

ವರ್ಗವಾಗಿ ಬಂದ ಓಂಕಾರಪ್ಪ ಆ ಅಡುಗೆಮನೆಯನ್ನೂ ಪಕ್ಕದ ಕೋಣೆಯನ್ನೂ ಬಾಡಿಗೆಗೆ ಹಿಡಿದರು. ಮಗಳು ಸಾಹಿತ್ಯ ಅಲ್ಲೇ ಹುಟ್ಟಿದಳು. ರಿಟೈರಾದರೂ ಊರಿಗೆ ಹೋಗಲಿಲ್ಲ. ಅನಸೂಯಮ್ಮ ಮುಂದಿನ ಹಜಾರದ ಬೀಗದ ಕೈಯನ್ನೂ ಅವರಿಗೇ ಕೊಟ್ಟು, "ನಿಮ್ಮ ಮನೆಯಂತೆ ನೋಡಿಕೊಳ್ಳಿ ಓಂಕಾರಪ್ಪಗಾರು" ಅಂದಿದ್ದರು. ಅವರು ಹಾಗೆಯೇ ನೋಡಿಕೊಂಡರು.

ಮಣ್ಣು ತುಳಿದ ರಾತ್ರಿ ಮಳೆ ಸುರಿಯಿತು. ಬೆಳಗ್ಗೆ ಅವರು ಹಜಾರದ ಬೀಗ ತೆಗೆದು ಒಳಗೆ ಹೋದರು. ಚೆನ್ನಮ್ಮ ಓಣಿಯಲ್ಲಿ ಅಕ್ಕಿ ಆರಿಸುತ್ತಿದ್ದಳು.

"ಬಾರೇ ಇಲ್ಲಿ. ಒಂದು ಹನಿ ಇಲ್ಲ, ನೋಡು ಬಾ."

ಮೊರ ಕೆಳಗಿಟ್ಟು ಎದ್ದಳು. ಅಷ್ಟರಲ್ಲಿ ಹಜಾರದ ಮಾಳಿಗೆ ಅವರ ಮೇಲೆ ಕುಸಿಯಿತು.

ಕೂರಿಸಿ, ವಿಭೂತಿ ಹಚ್ಚಿ, ಕೈಯಲ್ಲಿ ಲಿಂಗವಿಟ್ಟು ಮಣ್ಣು ಮಾಡಿದರು. ಹಿಡಿಮಣ್ಣು ಹಾಕು ಅಂದಾಗ ಚೆನ್ನಮ್ಮನ ಕೈ ಮೇಲೇಳಲಿಲ್ಲ. ಅವರ ಮೇಲೆ ಮಣ್ಣು ಬಿದ್ದದ್ದು ಸಾಲದೇ ಅನ್ನಿಸಿತು.

ಸಾಹಿತ್ಯ ತಾಯಿಯನ್ನು ವಿಜಯವಾಡಕ್ಕೆ ಕರೆದೊಯ್ದಳು. ಅವಳಿಗೆ ಅಲ್ಲಿ ಬೆಂಜ್ ಸರ್ಕಲ್ ಹತ್ತಿರದ ಆಸ್ಪತ್ರೆಯಲ್ಲಿ ಲ್ಯಾಬ್ ಕೆಲಸ, ಅಲ್ಲೇ ಮೂರನೇ ಮಹಡಿಯಲ್ಲಿ ಮನೆ. ಮಗಳು ಡ್ಯೂಟಿಗೆ ಹೋದರೆ ಚೆನ್ನಮ್ಮನಿಗೆ ಗಾಡಿಗಳ ಹಾರ್ನೇ ಜೊತೆ. ಗಂಡ ಓಡಾಡಿದ ಜಾಗಕ್ಕೆ ಹೋಗಬೇಕು, ಅಲ್ಲೇ ಇರಬೇಕು. ಬೇರೇನೂ ಬೇಡವಾಗಿತ್ತು.

ಒಂದು ಸಂಜೆ ಸಾಹಿತ್ಯ ಹೇಳಿದಳು. "ಅಮ್ಮಾ, ಅನಸೂಯಾ ಆಂಟಿ ಮನೆ ಕೆಡವಿಸ್ತಾರಂತೆ. ಹಳೇದಾಯ್ತು, ಪೂರ್ತಿ ಟೊಳ್ಳು ಅಂತ."

"ಟೊಳ್ಳಲ್ಲ ಅದು. ಅವರು ಹಾಕಿದ ಮಣ್ಣಿನಿಂದ ಬಿತ್ತು."

"ಊರ್ಕೋ ಅಮ್ಮಾ. ಸುಮ್ನಿರು. ಮಳೆಗೆ ಬಿತ್ತು ಅಂತ ಎಲ್ರೂ ಅಂದ್ಕೊಂಡಿದಾರೆ, ಹಂಗೇ ಇರ್ಲಿ. ನಾನ್ನ ಹೋದ್ಮೇಲೂ ಅವರ ಹೆಸರು ಕೆಡಿಸ್ತೀಯಾ?" ಅಪ್ಪನನ್ನು ಅವಳು ಕರೆಯುತ್ತಿದ್ದದ್ದು ತೆಲುಗಿನಲ್ಲೇ, ನಾನ್ನ ಎಂದು.

ಚೆನ್ನಮ್ಮ ತಟ್ಟೆ ಎತ್ತಿಟ್ಟಳು. ಬಾಯಿ ಮುಚ್ಚಿದರೆ ಅವರ ಹೆಸರು ಉಳಿಯುತ್ತದೆ, ಮನೆ ಹೋಗುತ್ತದೆ. ಬಾಯಿ ಬಿಟ್ಟರೆ ಮನೆ ಉಳಿದರೂ ಉಳಿಯಬಹುದು, ಹೆಸರು ಮಣ್ಣುಪಾಲು. ಮನೆ ಉಳಿದರೂ ತನ್ನನ್ನು ಒಳಗೆ ಬಿಡುತ್ತಾರೆಂಬ ಭರವಸೆಯಿಲ್ಲ.

ಮರುದಿನ ಮಗಳು ಹೊರಟ ಮೇಲೆ ಆಟೋ ಹಿಡಿದು ಅನಸೂಯಮ್ಮನ ಮನೆಗೆ ಹೋದಳು. ಅವರ ಅಳಿಯ ದುರ್ಗಾಪ್ರಸಾದ್ ಕೂಡ ಅಲ್ಲಿದ್ದ. ಇಂಜಿನಿಯರು. ಬಿದ್ದ ಹಜಾರ ನೋಡಿ ಬಂದವನು ಅವನೇ. ಮೂವರೂ ತೆಲುಗಿನಲ್ಲೇ ಮಾತಾಡಿದರು.

"ಕೂತ್ಕೋ ಚೆನ್ನಮ್ಮಾ. ಕಾಫಿ ತರಿಸ್ತೀನಿ" ಅಂದರು ಅನಸೂಯಮ್ಮ.

"ಕಾಫಿ ಆಮೇಲೆ ಅಮ್ಮಾ. ಮಾಳಿಗೆ ಮೇಲೆ ಮಣ್ಣು ಹಾಕಿದ್ದು ನಮ್ಮವರು. ವರ್ಷಾ ವರ್ಷಾ ಹಾಕಿದರು. ಸೋರಬಾರದು ಅಂತ."

ದುರ್ಗಾಪ್ರಸಾದ್ ಮುಂದೆ ಬಾಗಿದ. "ಎಲ್ಲಿಯ ಮಣ್ಣು?"

"ಪರವಾಡದ ಕಡೆ ಬಯಲಿಂದು. ಬೆಳ್ಳಗಿತ್ತು."

"ಅಯ್ಯೋ, ಅದು ಸಮುದ್ರದ ಉಪ್ಪಮ್ಮಾ! ತೇವ ಎಳೆದು ಇಟ್ಟುಕೊಳ್ಳುತ್ತೆ. ಕಬ್ಬಿಣದ ತೊಲೆ ಹಾಗೆ ತುಕ್ಕು ಹಿಡಿದಿತ್ತಲ್ಲ, ಉಪ್ಪು ಎಲ್ಲಿಂದ ಬಂತು ಅಂತ ತಲೆ ಕೆಡಿಸಿಕೊಂಡಿದ್ದೆ. ಹಿಂದಿನ ಕೋಣೆಗಳ ಮೇಲೂ ಹಾಕಿದಾರಾ?"

"ಹೋದ ವರ್ಷದಿಂದ. ತೆಳ್ಳಗೆ."

"ಹಾಗಾದರೆ ಅವು ಉಳೀತಾವೆ. ಮಣ್ಣು ಈಗಲೇ ಇಳಿಸಬೇಕು."

ಅನಸೂಯಮ್ಮ ಚೆನ್ನಮ್ಮನ ಕಡೆ ತಿರುಗಿದರು. "ನಂಬಿ ಬೀಗದ ಕೈ ಕೊಟ್ಟಿದ್ದೆನಲ್ಲಮ್ಮಾ. ನಮ್ಮ ತಾತನ ಹಜಾರ" ಅಂದರು.

"ನಮ್ಮವರೂ ಹೋದರಲ್ಲಮ್ಮಾ" ಅಂದಳು ಚೆನ್ನಮ್ಮ.

ಕಾಫಿ ಬರಲಿಲ್ಲ. ಚೆನ್ನಮ್ಮ ಎದ್ದು ಬಂದಳು. ವಿಷಯ ತಿಳಿದ ಸಾಹಿತ್ಯ ಆ ವಾರವೆಲ್ಲ ತಾಯಿಯ ಜೊತೆ ಮಾತು ಬಿಟ್ಟಳು.

ಮುಂದಿನ ತಿಂಗಳು ಅನಸೂಯಮ್ಮನೇ ಫೋನು ಮಾಡಿದರು. "ಆಳು ಇಟ್ಟು ಮಣ್ಣು ಇಳಿಸಿದ್ದಾಯ್ತು. ಹಿಂದಿನ ಕೋಣೆಗಳು ಗಟ್ಟಿ ಇವೆಯಂತೆ. ಮೇಲೆ ಹತ್ತಿ ಓಡಾಡಬಹುದಂತೆ. ಮಾಳಿಗೆ ಮೇಲೆ ನೀರು ನಿಲ್ಲಬಾರದು, ಅದೊಂದು ನೋಡಿಕೊಳ್ಳುವವರು ಬೇಕಂತೆ. ಇರ್ತೀಯಾ?"

"ಇರ್ತೀನಿ."

"ಏನೂ ಹಾಕಬೇಡ ತಾಯಿ. ಗುಡಿಸು, ಸಾಕು."

ದನಿಯಲ್ಲಿ ಬಿಸುಪಿರಲಿಲ್ಲ. ಚೆನ್ನಮ್ಮ ಅದನ್ನು ಬಯಸಿಯೂ ಇರಲಿಲ್ಲ.

ಈಗ ಅವಳು ಮತ್ತೆ ಆ ಹಿಂದಿನ ಅಡುಗೆಮನೆಯಲ್ಲೇ ಇದ್ದಾಳೆ. ಹಜಾರವಿದ್ದ ಕಡೆ ದುಂಡು ಕಂಬಗಳು ಮಾತ್ರ ನಿಂತಿವೆ, ಮೇಲೆ ಆಕಾಶ. ತನ್ನ ತಲೆ ಮೇಲೆ ತಾನೇ ಮಾಳಿಗೆ ಕೆಡವಿಕೊಂಡ ಮನುಷ್ಯನ ಹೆಂಡತಿ ಎಂದು ಬೀದಿಯವರು ಗುರುತು ಹೇಳುತ್ತಾರೆ. ಎದುರಿಗೇ ಅಂದದ್ದೂ ಉಂಟು. ತಾನೇ ಹೇಳಿದ ಮಾತು, ಯಾರನ್ನು ಬೈಯುವುದು?

ಬೆಳಗಾದರೆ ಹಿಂದಿನ ಮೆಟ್ಟಿಲು ಹಿಡಿದು ಮಾಳಿಗೆ ಹತ್ತುತ್ತಾಳೆ. ಮಂಡಿ ನೋಯುತ್ತದೆ, ನಡುವೆ ಒಮ್ಮೆ ಕೂರುತ್ತಾಳೆ. ಪಕ್ಕದ ಬಾದಾಮಿ ಮರದ ಎಲೆ ಬಿದ್ದಿರುತ್ತದೆ. ಪೊರಕೆಯಿಂದ ಮೂಲೆಗೆ ಗುಡಿಸಿ ಒಟ್ಟುತ್ತಾಳೆ. ನೀರು ಹೋಗುವ ತೂತಿಗೆ ಕೈ ಹಾಕಿ, ಒಳಗೆ ಸಿಕ್ಕಿದ ಎಲೆ, ಕಸ ಎಳೆದು ತೆಗೆಯುತ್ತಾಳೆ. ಮೇಲಿಂದ ಒಂದು ಚೊಂಬು ನೀರು ಬಿಟ್ಟು, ಕೆಳಗೆ ಅಂಗಳದಲ್ಲಿ ಬೀಳುವ ಸದ್ದು ಕೇಳುವವರೆಗೆ ನಿಲ್ಲುತ್ತಾಳೆ.