ಕಲ್ಲು, ಚಪ್ಪಲಿ, ಅಧ್ಯಕ್ಷ

ಸರ್ಕಾರ ನನ್ನ ತಂಟೆಗೆ ಬರಬಾರದು. ನನ್ನ ರಾಜಕೀಯ ಸಿದ್ಧಾಂತ ಇಷ್ಟೇ. ಬಂಗಾರಪೇಟೆಯ ಒಂದು ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಪಾಠ ಮಾಡುವ ನಾನು ಇದನ್ನು ತರಗತಿಯಲ್ಲಿ ಹೇಳಿದರೆ ಹುಡುಗರು ಆಕಳಿಸುತ್ತಾರೆ, ರೈಲಿನಲ್ಲಿ ಹೇಳಿದರೆ ಪಕ್ಕದವರು ಕಿಟಕಿಯಾಚೆ ನೋಡುತ್ತಾರೆ. ನನ್ನ ಹೆಂಡತಿ ಶಾರದೆ ಮಾತ್ರ ಪೂರ್ತಿ ಕೇಳಿಸಿಕೊಂಡು, "ಅದು ನಿಮ್ಮ ತಂಟೆಗೆ ಯಾವತ್ತು ಬಂದಿದೆ? ಅದಕ್ಕೆ ನೀವಿರೋದೇ ಗೊತ್ತಿಲ್ಲ" ಅನ್ನುತ್ತಾಳೆ.

ಸಿದ್ಧಾಂತಕ್ಕೆ ಬೇಕಾದ ಪುರಾವೆ ನಮ್ಮ ಮನೆಯ ಎದುರಿಗೇ ಇತ್ತು. ನಾವಿರುವುದು ಊರಿಗಾಂನ ಹಳೆಯ ಗಣಿ ಕಾರ್ಮಿಕರ ಲೈನು ಮನೆಗಳಲ್ಲಿ. ಇಡೀ ಸಾಲಿಗೆ ಒಂದೇ ಬೀದಿ ನಲ್ಲಿ. ನೀರು ಬರುವುದು ಬೆಳಿಗ್ಗೆ. ಬೆಳಿಗ್ಗೆ ಎಷ್ಟು ಹೊತ್ತಿಗೆ ಎಂಬುದು ಆ ನೀರಿಗೇ ಗೊತ್ತು. ಕಾದು ನಿಲ್ಲುವ ಪುರುಸೊತ್ತು ಮನುಷ್ಯರಿಗಿಲ್ಲ, ಹಾಗಾಗಿ ಅವರ ಪರವಾಗಿ ಸಾಮಾನುಗಳು ಸಾಲಿನಲ್ಲಿ ನಿಲ್ಲುತ್ತವೆ. ಕೊನೆಯ ಮನೆಯ ಮುನಿಯಮ್ಮನದು ಒಂದು ಗುಂಡುಕಲ್ಲು, ಪಕ್ಕದ ಮನೆಯ ವೇಲುವಿನದು ಒಂಟಿ ಚಪ್ಪಲಿ, ನಮ್ಮದು ತಳ ಒಡೆದ ಬಕೆಟ್ಟು, ಉಳಿದವರವು ಸಣ್ಣಪುಟ್ಟ ಕಲ್ಲುಗಳು. ನೀರು ಬಂದಾಗ ಯಾರೋ ಒಬ್ಬರು ಕೂಗುತ್ತಾರೆ, ಅವುಗಳ ಜಾಗಕ್ಕೆ ಬಿಂದಿಗೆಗಳು ಬರುತ್ತವೆ. ಮುನಿಯಮ್ಮನ ಕಲ್ಲು ಯಾವಾಗಲೂ ಮೊದಲು. ಅವಳು ಹಸುವಿಗೆ ನೀರು ಕುಡಿಸಿ, ಕೆಚ್ಚಲು ತೊಳೆದು, ಹಾಲು ಕರೆದು, ಡೈರಿ ಬಾಗಿಲು ಹಾಕುವುದರೊಳಗೆ ಅಲ್ಲಿರಬೇಕು. ಇದನ್ನು ಯಾವ ಸಭೆಯೂ ತೀರ್ಮಾನಿಸಿದ್ದಲ್ಲ, ಆದರೂ ಆ ಕಲ್ಲನ್ನು ಯಾರೂ ಮುಟ್ಟುತ್ತಿರಲಿಲ್ಲ.

ನಾನು ಸುಮ್ಮನಿರಬೇಕಿತ್ತು. ಯಾರೂ ಆಳದೆ ಎಷ್ಟು ಚೆನ್ನಾಗಿ ನಡೆಯುತ್ತಿದೆ ನೋಡಿ ಎಂದು ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದೆ. ಅಲ್ಲಿಯವರೆಗೆ ಆ ಸಾಲನ್ನು ಯಾರೂ ಗಮನಿಸಿಯೇ ಇರಲಿಲ್ಲ. ಗಮನಿಸಿದ ಕೂಡಲೇ ವೇಲುವಿಗೆ, ಇಷ್ಟು ಚೆನ್ನಾಗಿರುವುದಕ್ಕೆ ಒಂದು ಸಮಿತಿ ಇಲ್ಲವಲ್ಲ ಎಂದು ಬೇಸರವಾಯಿತು. ವೇಲು ಗೋಡೆಗೆ ಬಣ್ಣ ಹೊಡೆಯುವವನು; ತಮಿಳು, ತೆಲುಗು, ಕನ್ನಡ ಮೂರರಲ್ಲೂ ಭಾಷಣ ಮಾಡಬಲ್ಲ.

"ನೀವೇ ಪ್ರೆಸಿಡೆಂಟ್ ಆಗ್ಬೇಕು ಸಾರ್. ನೀವು ರೂಲ್ಸೇ ಬ್ಯಾಡ ಅನ್ನೋರು. ನಿಮ್ ಕೈಗ್ ಕೊಟ್ರೆ ರೂಲ್ಸು ಜಾಸ್ತಿ ಆಗಕ್ಕಿಲ್ಲ" ಎಂದ.

ಈ ತರ್ಕದಲ್ಲಿ ನನಗೆ ದೋಷ ಕಾಣಲಿಲ್ಲ. ಮೇಲಾಗಿ ಒಂದು ಕೆಂಪು ಪ್ಲಾಸ್ಟಿಕ್ ಕುರ್ಚಿ ಕೊಟ್ಟರು, ಕೊರಳಿಗೆ ಸೀಟಿ ಹಾಕಿದರು.

ಮನುಷ್ಯನ ಮನಸ್ಸಿಗೂ ಸೀಟಿಗೂ ಇರುವ ಸಂಬಂಧದ ಬಗ್ಗೆ ನಮ್ಮ ಪಠ್ಯದಲ್ಲಿ ಒಂದು ಸಾಲೂ ಇಲ್ಲ. ಕೊರಳಲ್ಲಿ ಸೀಟಿ ಇದ್ದ ಮೇಲೆ ಊದಬೇಕು ಅನಿಸುತ್ತದೆ. ಊದಬೇಕೆಂದರೆ ಯಾರಾದರೂ ತಪ್ಪು ಮಾಡಬೇಕು. ಅವರು ತಪ್ಪು ಮಾಡಬೇಕೆಂದರೆ ಮೊದಲು ನಿಯಮ ಬೇಕು. ಹೀಗೆ ಕೇವಲ ಸೀಟಿಯ ದಾಕ್ಷಿಣ್ಯಕ್ಕೆ ನಾನೊಂದು ನಿಯಮ ಮಾಡಿದೆ: ಸಾಲಿನಲ್ಲಿ ಬಿಂದಿಗೆಗೆ ಮಾತ್ರ ಮಾನ್ಯತೆ. ಮಾದರಿಯಾಗಿರಲೆಂದು ನಮ್ಮ ಒಡೆದ ಬಕೆಟ್ಟನ್ನು ನಾನೇ ಗುಜರಿಗೆ ಹಾಕಿದೆ. ಮುನಿಯಮ್ಮನ ಕಲ್ಲನ್ನು ವೇಲು ಮರ್ಯಾದೆಯಿಂದ ಎತ್ತಿ ಬೇವಿನ ಮರದ ಬುಡದಲ್ಲಿಟ್ಟ.

ಅದೇ ತಪ್ಪಾಯಿತು. ಬೇವಿನ ಬುಡದಲ್ಲಿ ನುಣುಪಾದ ಗುಂಡುಕಲ್ಲು ಕಂಡರೆ ನಮ್ಮ ಕಡೆಯವರು ಸುಮ್ಮನೆ ಬಿಡುತ್ತಾರೆಯೇ? ಶುಕ್ರವಾರ ಯಾರೋ ಅರಿಸಿನ ಕುಂಕುಮ ಇಟ್ಟರು. ಆಮೇಲೆ ಊದುಬತ್ತಿ ಬಂತು, ಕನಕಾಂಬರ ಬಂತು. ನೀರಿನ ಸಾಲನ್ನು ಸರಿಮಾಡಲು ಹೊರಟ ಸಮಿತಿ ಊರಿಗೊಬ್ಬಳು ದೇವತೆಯನ್ನು ಕೊಟ್ಟಿತ್ತು.

ಮುನಿಯಮ್ಮ ನನ್ನ ಕುರ್ಚಿಯ ಮುಂದೆ ಬಂದು ನಿಂತಳು. "ಮೇಷ್ಟ್ರೇ, ನನ್ ಕಲ್ಗೆ ದಿನಾ ಪೂಜೆ ಆಯ್ತಾ ಐತೆ. ನನ್ ಅಸೂಗೆ ನೀರಿಲ್ಲ. ಇರೋ ಎಲ್ಡು ಬಿಂದ್ಗೇಲೂ ಕುಡಿಯೋ ನೀರೈತೆ, ಅದ್ನ ಚೆಲ್ಲಿ ತಂದಿಕ್ಲಾ? ನೆನ್ನೆ ನಾನ್ ಓಗೋ ಒತ್ಗೆ ಡೈರಿ ಬಾಗ್ಲಾಕಿತ್ತು, ಕರ್ದಿರೋ ಆಲೆಲ್ಲಾ ವಾಪಸ್ ತಂದೆ. ಇಂಗೇ ಆದ್ರೆ ಅಸು ಮಾರ್ಬೇಕಾಯ್ತದೆ."

ಅವಳ ಸಂಸಾರ ನಿಂತಿರುವುದು ಆ ಒಂದು ಹಸುವಿನ ಮೇಲೆ. ನನಗೆ ನಿಜವಾಗಿ ಸಂಕಟವಾಯಿತು. ಸಂಕಟವಾದಾಗ ಅಧಿಕಾರದಲ್ಲಿದ್ದವರು ಮಾಡುವುದನ್ನೇ ನಾನೂ ಮಾಡಿದೆ, ಇನ್ನೊಂದು ನಿಯಮ ತಂದೆ: ಜಾನುವಾರು ಇದ್ದವರಿಗೆ ಮೊದಲ ಸರದಿ.

ಮರುದಿನ ಬೆಳಿಗ್ಗೆ ನೋಡಿದರೆ ನಲ್ಲಿಯ ಹತ್ತಿರ ಸಂತೆ ನೆರೆದಿತ್ತು. ವೇಲು ಎಲ್ಲಿಂದಲೋ ಒಂದು ಮೇಕೆ ಎರವಲು ತಂದು ನಲ್ಲಿಗೇ ಕಟ್ಟಿದ್ದ. ಒಬ್ಬಾಕೆ ಕಂಕುಳಲ್ಲಿ ಕೋಳಿ ಇಟ್ಟುಕೊಂಡು, "ಇದೂ ನೀರ್ ಕುಡಿತದೆ ಸಾರ್" ಎಂದಳು. ಕೋಳಿ ಜಾನುವಾರಲ್ಲ ಎಂದು ನಾನು ತೀರ್ಪು ಕೊಟ್ಟೆ. ಹಾಗಾದರೆ ಮೇಕೆ ಹೇಗೆ ಜಾನುವಾರು ಎಂದು ಆಕೆ ಕೇಳಿದಳು. ಈ ಚರ್ಚೆ ಸಾಕಷ್ಟು ಉನ್ನತ ಮಟ್ಟಕ್ಕೆ ಏರಿದ್ದಾಗ ನೀರು ಬಂದು, ಹೋಯಿತು. ಮೇಕೆ ನನ್ನ ಸೀಟಿಯ ದಾರವನ್ನು ಅರ್ಧ ತಿಂದಿತ್ತು.

ಅದರ ಮರುದಿನ ಮುನಿಯಮ್ಮ ನನ್ನ ಹತ್ತಿರ ಬರಲಿಲ್ಲ. ನೇರವಾಗಿ ಬೇವಿನ ಮರಕ್ಕೆ ಹೋದಳು, ಕೈಮುಗಿದಳು, ದೇವತೆಯನ್ನು ಹೂವಿನ ಸಮೇತ ಸೊಂಟಕ್ಕೇರಿಸಿಕೊಂಡು ಬಂದು ನಲ್ಲಿಯ ಬುಡದಲ್ಲಿ ಕೂರಿಸಿದಳು.

"ತಾಯಿ ಮುಂದ್ಕೆ ಬಿಂದ್ಗೆ ಇಕ್ಕೋರು ಇಕ್ರಪ್ಪ, ನೋಡ್ತೀನಿ" ಎಂದಳು.

ನಾನು ಸೀಟಿಯನ್ನು ಬಾಯಿಗಿಟ್ಟೆ. ದೇವತೆಗೆ ಸೀಟಿ ಊದುವುದು ಹೇಗೆ? ಮೆಲ್ಲಗೆ ಕೆಳಗಿಳಿಸಿದೆ. ಮೇಕೆಯನ್ನು ಹಿಡಿದುಕೊಂಡೇ ವೇಲು ಎರಡು ಹೆಜ್ಜೆ ಹಿಂದೆ ಸರಿದು ಕೆನ್ನೆ ಕೆನ್ನೆ ಬಡಿದುಕೊಂಡ. ಅಂದು ಮೊದಲ ನೀರು ಮುನಿಯಮ್ಮನಿಗೆ ಸಿಕ್ಕಿತು, ಹಾಲು ಡೈರಿಗೆ ಮುಟ್ಟಿತು, ನನಗೆ ತಿಂಡಿ ರುಚಿಸಿತು.

ಆಮೇಲೆ ಒಂದೊಂದಾಗಿ ಎಲ್ಲರ ಕಲ್ಲುಗಳೂ ವಾಪಸು ಬಂದವು, ಮುಂಜಾಗ್ರತೆಗೆ ಒಂದೊಂದು ಕುಂಕುಮದ ಬೊಟ್ಟು ಇಟ್ಟುಕೊಂಡು. ಕಷ್ಟವಾದದ್ದು ವೇಲುವಿಗೆ. ಚಪ್ಪಲಿಗೆ ಕುಂಕುಮ ಇಡುವಂತಿಲ್ಲ. ಅದನ್ನು ದೇವತೆಯಿಂದ ಒಂದು ಮಾರು ದೂರದಲ್ಲಿ, ಮುಖ ಆಚೆ ತಿರುಗಿಸಿ ಇಡುತ್ತಾನೆ. ಸಮಿತಿಯನ್ನು ಯಾರೂ ವಿಸರ್ಜಿಸಲಿಲ್ಲ. ಅದು ಇದೆ ಎಂಬುದನ್ನು ಎಲ್ಲರೂ ಮರೆತರು, ಅಷ್ಟೇ.

ನಾನು ಮಾತ್ರ ಮರೆತಿರಲಿಲ್ಲ. ಒಂದು ಬೆಳಿಗ್ಗೆ ಕಾಫಿ ಲೋಟ ಹಿಡಿದು ಎಂದಿನಂತೆ ಕುರ್ಚಿಯಲ್ಲಿ ಕೂರಲು ಹೊರಬಂದರೆ, ಜಗಲಿಯಲ್ಲಿ ಕುರ್ಚಿ ಇಲ್ಲ. ಎದುರಿಗೆ ನೋಡಿದೆ. ಕಲ್ಲುಗಳಾದ ಮೇಲೆ ಒಂಟಿ ಚಪ್ಪಲಿ, ಚಪ್ಪಲಿಯ ಹಿಂದೆ ಅಧ್ಯಕ್ಷರ ಕೆಂಪು ಕುರ್ಚಿ.

"ಬಕೆಟ್ ಅಂತೂ ಗುಜರಿಗೆ ಹಾಕಿದ್ರಿ, ನಮ್ಮ ಪರವಾಗಿ ನಿಲ್ಲೋಕೆ ಏನಾದ್ರೂ ಬೇಕಲ್ಲ" ಎಂದಳು ಶಾರದೆ.

"ಅದು ಅಧ್ಯಕ್ಷರ ಕುರ್ಚಿ ಕಣೇ" ಎಂದೆ.

"ಹೌದು. ಯಾರೂ ಕೂತಿಲ್ಲದಾಗ ಎಷ್ಟು ಚೆನ್ನಾಗಿ ಸಾಲಲ್ಲಿ ನಿಲ್ಲುತ್ತೆ ನೋಡಿ."

ನಿಂತೇ ಕಾಫಿ ಕುಡಿದೆ. ಚಪ್ಪಲಿಯ ಸರದಿ ಮುಗಿದ ಮೇಲೆ ನಮಗೂ ನೀರು ಸಿಕ್ಕಿತು.