ತಳ್ಳಿಸಿಕೊಳ್ಳದ ಜೀಪು

ಬೇಲೂರಿನಲ್ಲಿ ನಮ್ಮ ಪಕ್ಕದ ಮನೆಯವರೊಬ್ಬರು ಹಳೆಯ ಜೀಪಿಗೆ ಮೈಕು ಕಟ್ಟಿ ಊರೂರಲ್ಲಿ ಸಿನಿಮಾ ಪ್ರಚಾರ ಮಾಡುತ್ತಿದ್ದರು. ಜೀಪು ಹಸಿರೋ ನೀಲಿಯೋ, ಈಗ ನನ್ನ ನೆನಪನ್ನು ನಂಬಲಾರೆ. ಗಾಡಿ ನಿಲ್ಲಿಸಿ ಕೂಗಿದರೆ ಮೈಕು ಬ್ಯಾಟರಿಯನ್ನು ಖಾಲಿ ಮಾಡುತ್ತಿತ್ತು. ಆಮೇಲೆ ಊರವರೇ ತಳ್ಳಬೇಕು. ಇನ್ನೊಮ್ಮೆ ಹೀಗಾದರೆ ಕೆಲಸವನ್ನು ಆಟೋದವನಿಗೆ ಕೊಡುವುದಾಗಿ ಟಾಕೀಸಿನ ಮಾಲೀಕರು ಹೇಳಿಬಿಟ್ಟರು.

ಪಕ್ಕದ ಮನೆಯವರು ಸೀಟಿನ ಕೆಳಗೆ ಇನ್ನೊಂದು ಬ್ಯಾಟರಿ ಕೂರಿಸಿದರು. ಮೊದಲ ಸಲ ಎರಡನ್ನೂ ನೇರವಾಗಿ ಜೋಡಿಸಿದ್ದರಿಂದ ಮೈಕು ಎರಡನ್ನೂ ಖಾಲಿ ಮಾಡಿತು. ಅವರು ಯಾರನ್ನೂ ಬೈಯಲಿಲ್ಲ. ವೈರನ್ನು ಮತ್ತೆ ಹಲ್ಲಿನಿಂದ ಸುಲಿದು, ನಡುವೆ ಒಂದು ಸ್ವಿಚ್ಚು ಹಾಕಿದರು. ಗಾಡಿ ಓಡುವಾಗ ಎರಡೂ ಚಾರ್ಜ್ ಆಗಬೇಕು, ನಿಂತಾಗ ಮೈಕಿಗೆ ಒಂದೇ, ಇನ್ನೊಂದು ಎಂಜಿನ್ನು ಹೊರಡಿಸಲು. ಪ್ರತಿ ನಟ್ಟು ಬಿಗಿಯುವಾಗಲೂ ಅದೇ ಮಾತು: "ಇನ್ ತಳ್ಳಿಸ್ಕಳಲ್ಲ ಕಣಯ್ಯ."

ಹಳೇಬೀಡಿನ ಸಂತೆಗೆ ನಾನೂ ಜೊತೆಗೆ ಹೋದೆ. ಅವರು ಕೂಗಿ ಮುಗಿಸುವಷ್ಟರಲ್ಲಿ ಕೆಲವರು ಅಭ್ಯಾಸದಂತೆ ಬಂದು ಜೀಪಿನ ಹಿಂದೆ ಕೈಯೂರಿ ನಿಂತಿದ್ದರು.

"ಹೂಂ ಕಣಣ್ಣ, ಗೇರ್ ಹಾಕು, ತಳ್ತೀವಿ!" ಎಂದು ಒಬ್ಬ ನಕ್ಕ.

"ಕೈ ತೆಗೀರ್ಲಾ," ಎಂದು ಅವರು ಕೀಲಿ ತಿರುಗಿಸಿದರು.

ಎಂಜಿನ್ನು ಒಂದೇ ಸಲಕ್ಕೆ ಗುಡುಗಿತು. ಹಿಂದಿದ್ದವರು ಬೆಚ್ಚಿ ಕೈ ತೆಗೆದರು. ಪಕ್ಕದ ಮನೆಯವರು ತಿರುಗಿ ನೋಡಲಿಲ್ಲ, ನಗಲೂ ಇಲ್ಲ. ಆದರೆ ಮೈಕು ಆರಿಸಲು ಮರೆತಿದ್ದರು. ಅವರು ಬಿಟ್ಟ ನಿಟ್ಟುಸಿರು ಇಡೀ ಸಂತೆಗೆ ಕೇಳಿಸಿತು.