ಗೇಟು ತೆರೆಸಿದ ಮೇಡಂ

ಕಳೆದ ವಾರ ರಾಜಗೋಪಾಲನಗರದಲ್ಲಿ ಗರ್ಭಿಣಿಯರ ತರಗತಿಗೆಂದು ಕೋಣೆಯ ಬೀಗ ತೆಗೆದೆ. ಫಿನಾಯಿಲಿನ ಜೊತೆಗೆ, ಪೀಣ್ಯದ ಶೆಡ್ಡುಗಳ ಕಡೆಯಿಂದ ಬರುವ ಸುಟ್ಟ ಕಬ್ಬಿಣದ ವಾಸನೆ ಮುಖಕ್ಕೆ ಬಡಿಯಿತು. ನಮ್ಮ ಮೇಡಂ ನೆನಪಾದರು...

ಅವರು ಡಾಕ್ಟರು. ರಾಜ್ಯದ ತಾಯಿ-ಮಕ್ಕಳ ಆರೋಗ್ಯ ಶಿಕ್ಷಣವೆಲ್ಲ ಅವರ ಉಸ್ತುವಾರಿಯಲ್ಲಿತ್ತು. ನಾನು ಅವರ ಕೈಕೆಳಗೆ ತರಬೇತಿ ಕೊಡುತ್ತಿದ್ದವಳು. ಸಭೆ, ಕಡತಗಳ ನಡುವೆಯೂ ಆಗಾಗ ತರಗತಿಗೆ ಬಂದು ಹಿಂದಿನ ಚಾಪೆಯ ಮೇಲೆ ಕೂರುತ್ತಿದ್ದರು. ನಾನು ತಪ್ಪು ಹೇಳಿದರೆ ಎಲ್ಲರೆದುರೇ ತಿದ್ದುತ್ತಿದ್ದರು. ನನಗೆ ಅವರೆಂದರೆ ಭಯವೇ.

ಅಂಥದೊಂದು ಮಧ್ಯಾಹ್ನ ಯಾದಗಿರಿ ಕಡೆಯ ತುಂಬು ಬಸುರಿಯೊಬ್ಬಳು ತಲೆ ಹಿಡಿದುಕೊಂಡು ಕೂತಿದ್ದಳು. ಮುಖ ಊದಿತ್ತು. ಮೇಡಂ ಅವಳ ಬಿಪಿ ನೋಡಿದವರೇ ಎದ್ದು ನಿಂತರು. "ಆಟೊ ಕರಿ. ಈಗ್ಲೇ."

ಜೊತೆಗೆ ಬಂದಿದ್ದ ಅತ್ತೆ ಅಡ್ಡ ನಿಂತಳು. "ನನ್ ಮಗ ಡೂಟಿ ಮುಗಿಸ್ಕೊಂಡು ಬರ್ಲಿ ತಡೀರಿ. ಅವಂಗ ಹೇಳ್ಲಾರ್ದ ಹ್ಯಾಂಗ ಕಳಸ್ಲಿ?"

"ಅಲ್ಲೀವರ್ಗೂ ಇವಳು ತಡೀಬೇಕಲ್ಲಮ್ಮ. ನೀನೂ ಹತ್ತು, ಬಾ."

ಹತ್ತಿರದ ಆಸ್ಪತ್ರೆಯೊಂದರಲ್ಲಿ ಗೇಟಿನಲ್ಲೇ ತಡೆದರು. ಬಸುರಿಯರ ಹೆಸರು ಬರೆದುಕೊಂಡು ಕೊಡುವ ತಾಯಿ ಕಾರ್ಡನ್ನು ಅವಳು ಊರಲ್ಲೇ ಬಿಟ್ಟು ಬಂದಿದ್ದಳು. ಕಾರ್ಡ್ ಇಲ್ಲ, ದೊಡ್ಡಾಸ್ಪತ್ರೆಗೆ ಹೋಗಿ ಎಂದರು. ತಾವು ಯಾರೆಂದು ಮೇಡಂ ಹೇಳುತ್ತಿರುವಾಗಲೇ ಅವಳ ಕೈಕಾಲು ಸೆಟೆದು ಫಿಟ್ಸ್ ಬಂತು. ಅತ್ತೆ ಗೋಳಿಟ್ಟಳು. ಮೇಡಂ ಧೂಳಿನಲ್ಲೇ ಕೂತು ಅವಳನ್ನು ಎಡಮಗ್ಗುಲಿಗೆ ಹೊರಳಿಸಿ, ತಲೆಗೆ ತಮ್ಮ ತೊಡೆ ಕೊಟ್ಟರು. ಕೂಗಾಡಲಿಲ್ಲ.

"ಇಂಜೆಕ್ಷನ್ ತಗೊಂಡ್ಬನ್ನಿ. ಕಾರ್ಡ್ ಆಮೇಲೆ ನಾನೇ ಮಾಡಿಸ್ಕೊಡ್ತೀನಿ."

ಕೊನೆಗೂ ಗೇಟು ತೆರೆಯಿತು.

ತಾಯಿ ಉಳಿದಳು. ಮಗು ಉಳಿಯಲಿಲ್ಲ.

ಆಮೇಲೆ ಮೇಡಂ ಹಟಕ್ಕೆ ಬಿದ್ದರು. ಕಾರ್ಡ್ ಇರಲಿ ಬಿಡಲಿ, ಮೊದಲ ಚಿಕಿತ್ಸೆ ಕೊಡದೆ ಬಸುರಿಯನ್ನು ಯಾರೂ ವಾಪಸು ಕಳಿಸಬಾರದೆಂಬ ಆದೇಶಕ್ಕಾಗಿ ವರ್ಷಗಟ್ಟಲೆ ಓಡಾಡಿದರು. ಒಂದು ಸಭೆಯಲ್ಲಿ ಹಿರಿಯ ಅಧಿಕಾರಿಯೊಬ್ಬರು, "ವಲಸೆ ಬಂದೋರು ಯಾವ ಜಿಲ್ಲೆ ಜವಾಬ್ದಾರಿ ಮೇಡಂ?" ಎಂದು ಕೇಳಿದರು.

"ಗೇಟಲ್ಲಿ ಬಿದ್ದಿರ್ತಾಳೆ ಸಾರ್. ಜಿಲ್ಲೆ ಆಮೇಲೆ ನೋಡೋಣ."

ಆದೇಶ ಹೊರಬೀಳುವ ಹೊತ್ತಿಗೆ ಅವರ ನಿವೃತ್ತಿ ಹತ್ತಿರವಾಗಿತ್ತು. ಸಂಭ್ರಮ ಪಡಲಿಲ್ಲ. "ಆ ಮಗೂಗೆ ತಡ ಆಯ್ತು ಕಣೇ" ಎಂದಷ್ಟೇ ಹೇಳಿ ಮುಂದಿನ ತರಬೇತಿಯ ಮಾತೆತ್ತಿದರು.

ಕಳೆದ ವಾರದ ತರಗತಿಗೆ ಆ ಯಾದಗಿರಿಯವಳು ಬಂದಿದ್ದಳು. ಬಸುರಿ ತಂಗಿಯನ್ನು ಕರೆತಂದಿದ್ದಳು. ಸೆರಗು ಹಿಡಿದು ನಿಂತಿದ್ದವಳು ಆಮೇಲೆ ಹುಟ್ಟಿದ ಮಗಳು.

"ದೊಡ್ಡ ಮೇಡಂ ಬರಂಗಿಲ್ಲೇನ್ರಿ? ಇಕಿನ್ನ ತೋರ್ಸಬೇಕಂತ ಬಂದೀನ್ರಿ."

ಹೋದ ಚಳಿಗಾಲದಲ್ಲಿ ಅವರು ತೀರಿಕೊಂಡರೆಂದು ಹೇಳಿದೆ. ಅವಳು ಮಗಳನ್ನು ಮಡಿಲಿಗೆ ಎಳೆದುಕೊಂಡು ಕೂತಳು. ನಾನು ಪಾಠ ಶುರುಮಾಡಬೇಕಿತ್ತು. ಮೇಡಂ ಕೂರುತ್ತಿದ್ದ ಹಿಂದಿನ ಚಾಪೆಯ ಕಡೆ ನೋಡುತ್ತ ನಿಂತುಬಿಟ್ಟೆ...

ನನ್ನನ್ನು ನೋಡಿದ ಅವಳೇ ತಂಗಿಯ ಕಡೆ ತಿರುಗಿದಳು. "ತಲಿ ನೋವು ಬಂದ್ರ, ಮಾರಿ ಬಾತ್ರ ಸುಮ್ನ ಕೂಡಬ್ಯಾಡ. ಯಾರ್ನೂ ಕಾಯಬ್ಯಾಡ. ಎದ್ದು ನಡಿ."

ಉಳಿದ ಹೆಂಗಸರೆಲ್ಲ ಚಾಪೆಯ ಮೇಲೆ ಅವಳ ಕಡೆಗೆ ಸರಿದು ಕೂತರು.